ಚಿಲಕ ಹಾಕಿಕೊಂಡ ಹೆಂಗಸು

ಕೋತಗಿರಿ ಪಕ್ಕದ ಹಟ್ಟಿಯ ಕೀರ್ತನಾ ಆ ಬೆಳಿಗ್ಗೆ ಕತೆಯನ್ನು ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿದಳು.

ಅದು ಅಮೆರಿಕದ ಹಳೆಯ ಕಾದಂಬರಿ. ಕುದುರೆ, ಬಂದೂಕು, ಮುಗಿಯದ ಧೂಳು. ಅದರಲ್ಲಿ ಕತೆ ಹೇಳುವವಳೇ ನಾಯಕಿ. ಸತ್ತ ಅಪ್ಪನ ದನಗಳನ್ನು ಒಬ್ಬಳೇ ಹೊಡೆದುಕೊಂಡು ಬಯಲು ದಾಟಿದವಳು. ಚಹಾ ಎಲೆ ಕೀಳುತ್ತ ಕೀರ್ತನಾ ಅದನ್ನು ದಿನಕ್ಕಿಷ್ಟು ಹೇಳುತ್ತಿದ್ದಳು. ಪಕ್ಕದ ಸಾಲಿನ ಕಮಲಂ ಮಾಮಿ ಮೆಚ್ಚಿದ್ದು ಬಂದೂಕನ್ನಲ್ಲ.

"ಅಷ್ಟು ದೂರದಲ್ಲಿ ಒಂದು ಕರೂನೂ ಕಳ್ಕೊಳ್ಳಲಿಲ್ಲ ನೋಡು. ಹೆಣ್ಣಂದ್ರೆ ಅವಳು!"

"ಇವತ್ತು ಕೇಳಿ ಮಾಮಿ. ಅವಳನ್ನ ಮದುವೆಗೆ ಕೇಳೋಕೆ ಒಬ್ಬ ಬಂದ. ಟೋಪಿ ಕೈಲಿ ಹಿಡ್ಕೊಂಡು ಬಾಗಿಲಲ್ಲಿ ನಿಂತ. ಇವಳು ಒಳಗಿಂದ ಚಿಲಕ ಹಾಕ್ಕೊಂಡ್ಬಿಟ್ಲು!"

"ಆಮೇಲೆ?"

"ನಾಳೆ. ಮಧ್ಯಾಹ್ನ ಗಿರಿಧರನ್ ಮನೆಯವರು ನನ್ನ ನೋಡೋಕೆ ಬರ್ತಾರೆ."

ಗಿರಿಧರನ್ ಕೂನೂರು ಬಸ್ಸಿನಲ್ಲಿ ಕಿಟಕಿ ಸೀಟು ಬಿಟ್ಟುಕೊಟ್ಟೇ ಅವಳ ಮನಸ್ಸು ಗೆದ್ದವನು. ಈ ಸಂಬಂಧ ತಾನಾಗಿ ಬರಲೆಂದು ವರ್ಷವಿಡೀ ಬಾಯಿಬಿಡದೆ ಕಾದಿದ್ದಳು.

ಮಾಮಿಯ ಕೈ ನಿಂತಿತು. ಆ ಹಟ್ಟಿಯಲ್ಲಿ ಹುಡುಗಿಯರು ಹಿರಿಯರ ಎದುರು ಬೇಡವೆನ್ನುತ್ತಿರಲಿಲ್ಲ. ಬೇರೆ ಯಾರದೋ ಕತೆ ಎಂಬಂತೆ ಹೇಳುತ್ತಿದ್ದರು, ಕೇಳಿದವರು ತಿಳಿದುಕೊಳ್ಳಬೇಕು. ಮಾಮಿಯೇ ಹಿಂದೊಮ್ಮೆ ಗೂಡು ಬೇಡವೆಂದ ಹಕ್ಕಿಯ ಕತೆ ಹೇಳಿ ಒಂದು ಸಂಬಂಧದಿಂದ ತಪ್ಪಿಸಿಕೊಂಡಿದ್ದಳು.

"ಪಾವಂ, ಪಾಪದ ಹುಡುಗಿ" ಎಂದು ಗೊಣಗಿ, ಚೀಲ ಇಳಿಸಿ, ರಸ್ತೆಯ ತಿರುವಿಗೆ ಹೊರಟಳು.

ಮಧ್ಯಾಹ್ನ ಕಳೆಯಿತು. ಮತ್ತೆ ಮತ್ತೆ ಬಿಸಿ ಮಾಡಿದ ಕಾಫಿ ಟಾರಿನ ಹಾಗೆ ಕುಳಿತಿತ್ತು. ಗಿರಿಧರನ್ ಮನೆಯವರ ಜೀಪು ಬರಲಿಲ್ಲ. ಮಾಮಿ ಬಂದಳು, ತೋಟಕ್ಕೆ ನುಗ್ಗಿದ ಕಾಡುಕೋಣವನ್ನು ಓಡಿಸಿ ಬಂದವಳ ಗತ್ತಿನಲ್ಲಿ.

"ಇನ್ನು ಹೆದರಬೇಡ ಕಣೆ. ತಿರುವಲ್ಲೇ ಜೀಪು ನಿಲ್ಲಿಸಿ, ನಿನ್ನ ಕತೆ ಪೂರ್ತಿ ಹೇಳ್ದೆ. ತಿರುಗಿ ಹೋದ್ರು."

"ಮಾಮೀ! ಮುಂದಿನ ಪುಟದಲ್ಲಿ ಅವಳು ಚಿಲಕ ತೆಗೀತಾಳೆ!"

"ಹಾಗಾದ್ರೆ ಹಾಕಿದ್ದು ಯಾಕೆ?"

"ಮುಖದ ಧೂಳು ತೊಳ್ಕೊಳ್ಳೋಕೆ!"

ಮಾಮಿ ಸೊಂಟದ ಮೇಲೆ ಕೈಯಿಟ್ಟಳು. "ಅದನ್ನ ಬೆಳಿಗ್ಗೇನೇ ಹೇಳೋಕೆ ನಿಂಗೇನಾಗಿತ್ತು?"

ಕೀರ್ತನಾ ನಾಚಿಕೆ ಬಿಟ್ಟು ಗಿರಿಧರನ್‌ಗೆ ಫೋನು ಮಾಡಿದಳು. "ನಂಗೆ ಒಪ್ಪಿಗೆ. ವರ್ಷದಿಂದ ಒಪ್ಪಿಗೆ! ಜೀಪು ತಿರುಗಿಸಿ."

"ನಾನು ರೆಡಿ. ಅವ್ವೆ ಬಿಡ್ತಿಲ್ಲ."

"ತುಂಬಾ ಕೋಪಾನಾ?"

"ಕೋಪ ಅಲ್ಲ. ಕತೆ ಮೆಚ್ಕೊಂಡ್ಬಿಟ್ಟಿದ್ದಾಳೆ. ದಾರಿಯುದ್ದಕ್ಕೂ ಅದೇ ಮಾತು. ಅಂಥ ಹೆಣ್ಣನ್ನ ಮೆಚ್ಚೋ ಹುಡುಗಿಗೆ, ಒಂದು ಹಸು ಕಟ್ಟೋಕೂ ಬಾರದ ನನ್ನನ್ನ ಗಂಟು ಹಾಕಿದ್ರೆ ಪಾಪ ಬರುತ್ತಂತೆ."