ಹೆಡ್‌ಫೋನಿಗಾಗಿ ಅತ್ತ ಗಂಡ

ಕಿವಿ ಮುಚ್ಚಿಕೊಂಡು ಕೂತಾಗ ಮಗು ಅತ್ತರೆ ಏನು ಗತಿ? ಈ ಯೋಚನೆ ಮೂರು ವಾರದಿಂದ ಅವಳ ಬೆನ್ನು ಬಿಟ್ಟಿರಲಿಲ್ಲ. ಹೆರಿಗೆಗೆ ಮುಂಚೆ ಅವಳು ಒಂದು ತಂಡದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಿದ್ದಳು. ಈಗ ಮಗಳಿಗೆ ಎಂಟು ತಿಂಗಳು. "ವಾಪಸ್ ಬರ್ತೀಯೋ, ಬೇರೆಯವರನ್ನ ನೋಡ್ಕೊಳ್ಳೋಣ್ವೋ, ಭಾನುವಾರ ಸಂಜೆಯೊಳಗೆ ಫೋನ್ ಮಾಡಿ ಹೇಳು" ಎಂದು ಡ್ರಮ್ಮರ್ ಗಡುವು ಕೊಟ್ಟಿದ್ದ. ಹೋಗಬೇಕಾದರೆ ಅಭ್ಯಾಸ ಬೇಕು. ಅಭ್ಯಾಸಕ್ಕೆ ಮಗು ಏಳಬಾರದು. ಮಗು ಏಳದಿರಲು ಹೆಡ್‌ಫೋನ್ ಬೇಕು. ಒಂದು ಕಲಾಜೀವನವೆಲ್ಲ ಹೀಗೆ ಎರಡು ಕಿವಿಗಳ ಮೇಲೆ ಬಂದು ನಿಂತಿತ್ತು.

ಅಂಗಡಿಯವನು ಪರಿಚಯದ ಮೇಲೆ, ಹಿಡಿಸಿದ್ದನ್ನು ಇಟ್ಟುಕೋ ಎಂದು, ಎರಡು ಸ್ಟುಡಿಯೋ ಹೆಡ್‌ಫೋನ್ ಕೊಟ್ಟು ಕಳಿಸಿದ್ದ. ಒಂದರ ಕಿವಿಬಟ್ಟಲ ಬೆನ್ನು ಪೂರ್ತಿ ಮುಚ್ಚಿದ್ದು. ಮಗು ಅತ್ತರೆ ಅವಳಿಗೆ ಕೇಳದು. ಇನ್ನೊಂದರ ಬೆನ್ನಿಗೆ ಜಾಲರಿ. ಧ್ವನಿ ಬಲು ಸಹಜ, ಆದರೆ ಸೋರುತ್ತದೆ, ಮಗುವಿಗೆ ಕೇಳೀತು.

"ಇದನ್ನ ಇವತ್ತು ವೈಜ್ಞಾನಿಕವಾಗೇ ತೀರ್ಮಾನ ಮಾಡ್ತೀನಿ," ಎಂದು ಭಾನುವಾರ ಮಧ್ಯಾಹ್ನ ಮಗು ಮಲಗಿದ ಮೇಲೆ ಘೋಷಿಸಿದಳು. "ನೀನು ತೊಟ್ಟಿಲ ಕೋಣೆ ಬಾಗಿಲಲ್ಲಿ ನಿಂತು ಅಳು."

"ನಾನಾ?" ಎಂದ ಗಂಡ.

"ಮತ್ತೆ ಮಗುನ ಎಬ್ಬಿಸಿ ಅಳಿಸ್ಲಾ?"

"ಹಸಿವಿನ ಅಳುನೋ, ನಿದ್ದೆಗೆಟ್ಟ ಅಳುನೋ?"

"ಹಸಿವಿಂದು. ಮೊದಲು ಮೆತ್ತಗೆ, ಆಮೇಲೆ ಜೋರು."

ಗಂಡ ಸರ್ವೇಯರ್. ಟೇಪು ಹಿಡಿದು ದೂರ ಗುರುತು ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು ನಿಂತ. ಅವಳು ಚಿಕ್ಕ ಕೋಣೆಯಲ್ಲಿ ಮುಚ್ಚಿದ ಹೆಡ್‌ಫೋನನ್ನು ಮಾಡೆಲರಿಗೆ ಚುಚ್ಚಿದಳು. ದೊಡ್ಡ ದೊಡ್ಡ ಆಂಪ್ಲಿಫೈಯರುಗಳ ಧ್ವನಿಯನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ಚಪ್ಪಟೆ ಪೆಟ್ಟಿಗೆ ಅದು. ತಂಡದ ಹಾಡಿನ ಅತಿ ಕಷ್ಟದ ತುಣುಕನ್ನು ಎತ್ತಿಕೊಂಡಳು. ಗಂಡನ ಬಾಯಿ ತೆರೆದದ್ದು ಕಂಡಿತು, ಅಳು ಕೇಳಲಿಲ್ಲ. ಇನ್ನೂ ಜೋರು ಎಂದು ಗದ್ದ ಎತ್ತಿ, ಅದೇ ತುಣುಕನ್ನು ಮತ್ತೆ ಮತ್ತೆ ನುಡಿಸಿದಳು. ಆರನೇ ಸಲಕ್ಕೆ ಅವನ ಮುಖ ಕೆಂಪಾಗಿ, ಕತ್ತಿನ ನರ ಉಬ್ಬಿ, ನಿಜವಾಗಿಯೇ ಕಣ್ಣಲ್ಲಿ ನೀರು ಬಂತು.

ಸಾಕೆಂದು ಹೆಡ್‌ಫೋನ್ ತೆಗೆದಳು. ಕೊನೆಯ ಸ್ವರ ಹಾಲ್‌ನಲ್ಲಿ ಇನ್ನೂ ಗುಂಯ್‌ಗುಡುತ್ತಿತ್ತು. ಸ್ಪೀಕರಿನ ಮೇಲೆ ಜೋಡಿಸಿಟ್ಟಿದ್ದ ಮಗುವಿನ ಬಟ್ಟೆಗಳೆಲ್ಲ ಅದುರಿ ಅದುರಿ ನೆಲಕ್ಕೆ ಬಿದ್ದಿದ್ದವು.

ಬೆಳಿಗ್ಗೆ ಮಗು ಆಡುತ್ತಿದ್ದಾಗ ಅದೇ ಸ್ಪೀಕರಿಗೆ ಜೋಡಿಸಿ ನುಡಿಸಿದ್ದಳು, ತಂತಿ ಕಿತ್ತಿರಲಿಲ್ಲ. ಹೆಡ್‌ಫೋನ್ ಚುಚ್ಚಿದೊಡನೆ ಸ್ಪೀಕರ್ ತಾನಾಗಿ ಬಾಯಿ ಮುಚ್ಚುತ್ತದೆ ಎಂದುಕೊಂಡಿದ್ದಳು, ಮೊಬೈಲಿನಲ್ಲಿ ಹಾಗೇ ತಾನೇ. ಆದರೆ ಅವಳ ಮಾಡೆಲರ್ ಮೊಬೈಲಲ್ಲ.

"ಇಷ್ಟೊತ್ತೂ ಹೊರಗೆ ಕೇಳ್ತಿತ್ತಾ? ಹೇಳ್ಬಾರ್ದಾ?"

"ಅದನ್ನ ಮೀರಿಸಿ ಅಳೋದೇ ಪರೀಕ್ಷೆ ಅಂದ್ಕೊಂಡೆ," ಎಂದ, ಒಡೆದ ಗಂಟಲಲ್ಲಿ.

ಎದ್ದುಬಿದ್ದು ತೊಟ್ಟಿಲ ಬಳಿ ಓಡಿದಳು. ಗಿಟಾರಿಗೂ ಅಪ್ಪನಿಗೂ ಜಗ್ಗದೆ, ಬಾಯಿ ತೆರೆದುಕೊಂಡು, ಕಾಲು ಅಗಲಿಸಿ ಮಗು ಹಾಯಾಗಿ ಮಲಗಿತ್ತು.

ಅಷ್ಟರಲ್ಲಿ ಬಾಗಿಲ ಗಂಟೆ. ಕೆಳಗಿನ ಮನೆಯ ಟೈಲರಮ್ಮ, ಕತ್ತಿನಲ್ಲಿ ಅಳತೆಯ ಟೇಪಿನೊಡನೆ.

"ನಿಮ್ಮೆಜಮಾನ್ರು ಅಳ್ತಿದ್ದಂಗಿತ್ತು. ಎಲ್ಲಾ ಕ್ಷೇಮನಾ?"

"ಕ್ಷೇಮಾನೇ ಅಮ್ಮ. ತೊಂದರೆ ಕೊಟ್ವಿ, ಕ್ಷಮಿಸಿ."

"ಗಿಟಾರ್ ನುಡಿಸು ತಾಯಿ, ಬೇಡ ಅನ್ನಲ್ಲ. ಆದ್ರೆ ಆರು ಸಲವೂ ನೀನು ಅದೇ ಜಾಗದಲ್ಲಿ ಎಡವಿದೆ. ಇನ್ನೇನು ಅಲ್ಲಿ ಬಂತು ಅನ್ನುವಾಗ ಮಿಷನ್ ತುಳಿಯೋ ನನ್ನ ಕಾಲೇ ನಿಂತೋಗುತ್ತೆ. ಒಂದು ತೋಳು ಹೊಲಿದಿಲ್ಲ ಇನ್ನೂ."

ಬಾಗಿಲು ಹಾಕಿಕೊಂಡು ಬಂದು ಅವಳು ಮೊದಲು ಸ್ಪೀಕರಿನ ತಂತಿ ಕಿತ್ತಳು. ಮೂರು ವಾರ ಮಗುವಿನ ನಿದ್ದೆಯ ಲೆಕ್ಕ ಹಾಕಿದ್ದಳು. ತನ್ನ ಬೆರಳಿನ ಲೆಕ್ಕ ಹಾಕಿರಲಿಲ್ಲ. ಸಂಜೆಯಾಗುವ ಮುಂಚೆಯೇ ಫೋನ್ ಎತ್ತಿಕೊಂಡಳು.

"ಬರ್ತೀನಿ," ಎಂದಳು ಡ್ರಮ್ಮರನಿಗೆ. "ಆದ್ರೆ ಒಂದು ಜಾಗ ಕೈಗೆ ಬರ್ತಿಲ್ಲ. ಎರಡು ವಾರ ಟೈಮ್ ಕೊಡು."

"ಕೊಟ್ಟೆ. ನೀನು ನುಡಿಸುವಾಗ ಮಗು ಅತ್ತರೆ?"

"ಅವರಪ್ಪ ಎತ್ಕೊಳ್ತಾನೆ. ಅಳೋದು ಎಷ್ಟು ಕಷ್ಟ ಅಂತ ಇವತ್ತು ಗೊತ್ತಾಗಿದೆ ಅವನಿಗೆ."

"ಕೊನೆಗೆ ಯಾವ ಹೆಡ್‌ಫೋನ್ ಇಟ್ಕೊಂಡೆ?" ಎಂದ ಗಂಡ, ಅವಳು ಫೋನ್ ಇಟ್ಟ ಮೇಲೆ.

"ಮುಚ್ಚಿರೋದು. ಕೆಳಗಿನ ಮನೇಲಿ ಒಂದು ತೋಳು ಹೊಲಿಯೋದು ಬಾಕಿ ಇದೆ."