ಪಂಪಣ್ಣನ ಇಡ್ಲಿ ಜೋಕು ಮತ್ತು ನನ್ನ ಏಳು ನೋಟ್‌ಬುಕ್ಕುಗಳು

ಭಾನುವಾರ, ಜೂನ್ ಎಂಟು. ಬರೆಯಲು ಕುಳಿತದ್ದು ಬೆಳಿಗ್ಗೆ ಆರು ನಲವತ್ತಕ್ಕೆ. ಹೊತ್ತು ಬರೆಯದೆ ನನಗೆ ಏನನ್ನೂ ಶುರು ಮಾಡಲು ಬರುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಚಟ. ನನ್ನದು ಎಣಿಸುವ ಚಟ. ಮನೆಯಲ್ಲಿ ಯಾರು ಎಷ್ಟು ಸಲ ಸೀನಿದರು ಎಂಬುದಕ್ಕೂ ನನ್ನಲ್ಲಿ ದಾಖಲೆಯಿದೆ. “ನಮ್ಮ ಹುಡುಗಿ ಮದುವಿ ಮನ್ಯಾಗ ಹೋಳಿಗಿ ತಿನ್ನೂದಿಲ್ಲ, ಎಣಸ್ತಾಳ” ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಾಳೆ. ಈ ಚಟದಿಂದ ಇದುವರೆಗೆ ಯಾರಿಗೂ ಉಪಕಾರವಾಗಿರಲಿಲ್ಲ. ಹೋದ ವಾರ ಆಗುವ ಹಾಗಿತ್ತು.

ಕುರೆಕುಪ್ಪದಲ್ಲಿ ನಮ್ಮ ಮನೆ. ಅಪ್ಪ ಕಾರ್ಖಾನೆಯಲ್ಲಿ ಎರಡನೇ ಪಾಳಿ ಮುಗಿಸಿ ಬರುವುದು ರಾತ್ರಿ ಹನ್ನೊಂದಕ್ಕೆ. ಹನ್ನೊಂದೂಕಾಲಿಗೆ ಲೋಕಲ್ ಕೇಬಲ್‌ನಲ್ಲಿ ಪಂಪಣ್ಣನ ಹಾಸ್ಯ ಕಾರ್ಯಕ್ರಮ. ಹೊಸಪೇಟೆಯ ಒಂದು ಸಣ್ಣ ಕೋಣೆ, ಒಂದು ಮೇಜು, ಅದರ ಮೇಲೊಂದು ಹಳದಿ ಹೆಲ್ಮೆಟ್. ಹೇಳಿದ ಜೋಕಿಗೆ ಕ್ಯಾಮೆರಾ ಹಿಡಿದವನೂ ನಗದಿದ್ದರೆ ಪಂಪಣ್ಣ ಗಂಭೀರವಾಗಿ ಹೆಲ್ಮೆಟ್ ಹಾಕಿಕೊಂಡು, “ಜೋಕ್ ಬೀಳಾಕ ಹತ್ಯಾವ್ರಿ, ತಲಿ ಕಾಯ್ಕೊಳ್ರಿ!” ಅನ್ನುತ್ತಿದ್ದರು. ಆಗ ಎಲ್ಲರೂ ನಗುತ್ತಿದ್ದರು. ಸಂಡೂರಿನ ಕೆಂಪು ಧೂಳಿನ ಗಣಿಯವರು, ಕಂಪ್ಲಿಯ ಅಕ್ಕಿ ಗಿರಣಿಯವರು, ತಡವಾಗಿ ಉಣ್ಣುವವರೆಲ್ಲ ಅವರ ಜೊತೆಗೇ ಉಣ್ಣುತ್ತಿದ್ದರು. “ಸಂಡೂರಾಗ ಬಿಳಿ ಅಂಗಿ ಒಣಾಕ ಹಾಕಿ ಚಾ ಕುಡಿದು ಬರೋದ್ರಾಗ ಅಂಗಿ ಸನ್ಯಾಸ ತಗೊಂಡಿತ್ರಿ!” ಈ ಜೋಕು ನನಗೆ ಬಾಯಿಪಾಠ. ಬುದ್ಧಿವಂತಿಕೆಯಿಂದಲ್ಲ; ಅದನ್ನು ಅವರು ಇಪ್ಪತ್ತಮೂರು ಸಲ ಹೇಳಿದ್ದರು.

ಹೋದ ತಿಂಗಳು ಪಂಪಣ್ಣ ತೀರಿಕೊಂಡರು. ಆಮೇಲೆ ತಿಳಿದದ್ದು, ಒಂದೇ ಒಂದು ಕಾರ್ಯಕ್ರಮವೂ ಉಳಿದಿಲ್ಲವೆಂದು. ಇದ್ದದ್ದು ಒಂದೇ ಮೆಮೊರಿ ಕಾರ್ಡು. ನಿನ್ನೆಯದನ್ನು ಅಳಿಸಿ ಇವತ್ತಿನದನ್ನು ತುಂಬುವುದು ಅವರ ಪದ್ಧತಿ. ಇದನ್ನು ಕೇಳಿದಾಗ ನನಗೆ ದುಃಖವಾಗಬೇಕಿತ್ತು. ಆಗಲಿಲ್ಲ. ಕುಣಿಯುವಷ್ಟು ಸಂತೋಷವಾಯಿತು! ಪೆಟ್ಟಿಗೆಯಲ್ಲಿ ನನ್ನ ಏಳು ನೋಟ್‌ಬುಕ್ಕುಗಳಿದ್ದವಲ್ಲ! ಕಾರ್ಯಕ್ರಮ ನೋಡುತ್ತ, ಒಂದು ರಾತ್ರಿಯನ್ನೂ ಬಿಡದೆ ಬರೆದವು. ಏಳನ್ನೂ ಚೀಲಕ್ಕೆ ತುಂಬಿ, ಎರಡು ಬಸ್ಸು ಬದಲಿಸಿ, ಕಮಲಾಪುರದಲ್ಲಿರುವ ಪಂಪಣ್ಣನ ಹೆಂಡತಿ ಗಾಳೆಮ್ಮನ ಇಡ್ಲಿ ಅಂಗಡಿಗೆ ಓಡಿದೆ. ದಾರಿಯುದ್ದಕ್ಕೂ ಭಾಷಣ ಸಿದ್ಧಪಡಿಸಿಕೊಂಡಿದ್ದೆ.

ಭಾಷಣ ಮುಗಿಯುವ ಮೊದಲೇ ಗಾಳೆಮ್ಮ ಕೈ ಒರೆಸಿಕೊಂಡು ಎದುರಿಗೆ ಕುಳಿತರು. “ನಸುಕಿಗೆ ಎದ್ದು ಇಡ್ಲಿ ಬೇಸಾಕಿ ನಾನು. ಒಂಬತ್ತಕ್ಕ ಮಲಗಿಬಿಡ್ತಿದ್ದೆ, ಅವರ ಟೀವಿ ಒಂದಿನಾನೂ ನೋಡಲಿಲ್ಲ. ನಾಕು ವರ್ಷದ ಹಿಂದ, ಯುಗಾದಿ ಆದ ಮೊದಲ್ನೇ ಶುಕ್ರವಾರ, ನನ್ನ ಇಡ್ಲಿ ಮ್ಯಾಲೆ ಏನೋ ಜೋಕ್ ಹೇಳ್ಯಾರ. ಮರುದಿನ ತಿನ್ನಾಕ ಬಂದೋರೆಲ್ಲ ನನ್ನ ಮಾರಿ ನೋಡಿ ನಕ್ಕರು. ಒಬ್ಬರೂ ಬಾಯಿ ಬಿಡಲಿಲ್ಲ. ನಮ್ಮನಿಯವರನ್ನ ಕೇಳಿದ್ರ, ‘ನಾಳೆ ಹೇಳ್ತೀನಿ ಬಿಡು’ ಅಂದ್ರು. ದಿನಾ ನಾಳೇನ. ನನ್ನ ಬಗ್ಗೆ ಒಳ್ಳೇದಂದ್ರೋ ಕೆಟ್ಟದಂದ್ರೋ, ಅಷ್ಟು ತಿಳಿದ್ರ ಸಾಕವ್ವ.”

ನಾಲ್ಕನೇ ನೋಟ್‌ಬುಕ್ಕು. ಪುಟ ಸಿಕ್ಕೇಬಿಟ್ಟಿತು! ಗಟ್ಟಿಯಾಗಿ ಓದಿದೆ: “ಶುಕ್ರವಾರ. ಶುರು ೧೧.೧೬, ಒಂದು ನಿಮಿಷ ತಡ. ಹೆಲ್ಮೆಟ್ ಎರಡು ಸಲ. ಇಡ್ಲಿ ಜೋಕು: ಅಪ್ಪ ನಲವತ್ತು ಸೆಕೆಂಡು. ಅವ್ವ ಬಾಯಿಗೆ ಸೆರಗು. ಅಜ್ಜಿ ಎದ್ದಳು, ಏನಂತ ಕೇಳಿದಳು, ಹೇಳಿದೆವು, ನಕ್ಕು ಮಲಗಿದಳು. ಕರೆಂಟ್ ಹೋಗಲಿಲ್ಲ.”

ಅಷ್ಟೇ. ಮುಂದಿನ ಸಾಲು ಶನಿವಾರದ್ದು.

ಹಿಂದೆ ಮುಂದೆ ತಿರುವಿದೆ. ಏಳು ನೋಟ್‌ಬುಕ್ಕುಗಳಲ್ಲೂ ನಗು ಇತ್ತು. ಜೋಕು ಒಂದೂ ಇರಲಿಲ್ಲ. ಎಣಿಸಲು ಬರುವುದನ್ನು ಮಾತ್ರ ನಾನು ಬರೆದಿದ್ದೆ. ಒಂದೇ ಸಲ ಕೇಳಿದ ಆ ಇಡ್ಲಿ ಜೋಕು ನನಗೂ ನೆನಪಿರಲಿಲ್ಲ.

ಗಾಳೆಮ್ಮ ನೋಟ್‌ಬುಕ್ಕನ್ನು ತಮ್ಮ ಕಡೆ ತಿರುಗಿಸಿಕೊಂಡರು. “ಕರೆಂಟ್ ಹೋಗಲಿಲ್ಲಂತ ಬರದೀಯಲ್ಲವ್ವ, ಜೋಕ್ ಬರಿಯಾಕ ಏನ್ ಧಾಡಿ ಆಗಿತ್ತು ನಿನಗ?”

ಕೊನೆಯ ಆಸೆಯಿಂದ ಅಪ್ಪನಿಗೆ ಫೋನು ಮಾಡಿ ಸ್ಪೀಕರ್ ಹಾಕಿದೆ. ನಲವತ್ತು ಸೆಕೆಂಡು ನಕ್ಕವರಿಗೆ ನೆನಪಿರಲೇಬೇಕಲ್ಲ. “ಇಡ್ಲಿ ಜೋಕಾ? ಅಯ್ಯ, ಮರೆಯಾಕಾಗತ್ತೇನಲೇ! ಪಂಪಣ್ಣ ಏನಂದ ಅಂದ್ರ… ಆಕಿ ಇಡ್ಲಿ…” ಅಂದವರೇ ನಗಲು ಶುರು ಮಾಡಿದರು. “ಆಕಿ ಇಡ್ಲಿ…” ಮತ್ತೆ ನಗು. ಉಸಿರು ಹಿಡಿದು ಕೆಮ್ಮಿದರು. ಕೊನೆಗೆ ಸಣ್ಣ ದನಿಯಲ್ಲಿ, “ಜೋಕ್ ಹೋತಲೇ. ನಕ್ಕಿದ್ದಷ್ಟ ಉಳದೈತಿ” ಎಂದರು.

ನಾನು ಫೋನು ಇಟ್ಟೆ. ಆಗ ಎದುರಿನಿಂದ ಒಂದು ಸದ್ದು ಬಂತು. ಗಾಳೆಮ್ಮ ನಗುತ್ತಿದ್ದರು, ಬಾಯಿಗೆ ಸೆರಗು ಒತ್ತಿಕೊಂಡು, ಭುಜ ಕುಣಿಸುತ್ತ, ಕಣ್ಣಲ್ಲಿ ನೀರು ತಂದುಕೊಂಡು. “ಕೆಟ್ಟದಂದಿದ್ರ ನಿಮ್ಮಪ್ಪ ಹಿಂಗ ನಗ್ತಿರಲಿಲ್ಲ ಬಿಡು,” ಎಂದು ಎದ್ದು ನನ್ನ ತಟ್ಟೆಗೆ ಎರಡು ಇಡ್ಲಿ ಹಾಕಿದರು. ಚಟ್ನಿ ಹಾಕಲಿಲ್ಲ. “ಜೋಕ್ ತಂದ ದಿನ ಚಟ್ನಿ.”

ಅಂದಿನಿಂದ ಹನ್ನೊಂದು ಜನರನ್ನು ವಿಚಾರಿಸಿದ್ದೇನೆ. ನಕ್ಕಿದ್ದು ನೆನಪಿರುವವರು ಹನ್ನೊಂದು. ಜೋಕು ನೆನಪಿರುವವರು ಸೊನ್ನೆ. ಬರಿ ಇಡ್ಲಿ ತಿಂದದ್ದು ಮೂರು ಸಲ. ಆ ಶುಕ್ರವಾರ ಪಂಪಣ್ಣನನ್ನು ನೋಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ಸಾಲು ಬರೆದು ತಿಳಿಸಿ. ಆದರೆ ಜೋಕನ್ನೇ ಬರೆಯಿರಿ. ಎಷ್ಟು ಹೊತ್ತು ನಕ್ಕಿರಿ ಎಂಬುದು ಬೇಡ. ಅದು ನನ್ನ ಹತ್ತಿರ ಬೇಕಾದಷ್ಟಿದೆ. ಗಾಳೆಮ್ಮನದು ಐವತ್ತೆರಡು ಸೆಕೆಂಡು.