ದೋಣಿ ಸುದ್ದಿಗೆ ಬಿದ್ದ ಲೋಕಲ್ ಮಡಿಕೆ

ನಿವೃತ್ತಿಯಾದ ಗಂಡಸಿಗೆ ಏನಾದರೊಂದು ಹುಚ್ಚು ಇರಬೇಕು. ಇಲ್ಲದಿದ್ದರೆ ಅದು ಹೆಂಡತಿಗೆ ಹಿಡಿಯುತ್ತದೆ. ಮನೆಯ ಶಾಂತಿಗಾಗಿ ನಾನು ಹಿಡಿಸಿಕೊಂಡದ್ದು ದೋಣಿಯ ಹುಚ್ಚು. ಡೊಂಬಿವಲಿಯ ಮೂರನೇ ಮಹಡಿಯಲ್ಲಿರುವವನಿಗೆ ದೋಣಿಯೇಕೆ ಎಂದು ಕೇಳಬೇಡಿ. ಹುಟ್ಟಿದ್ದು ಉಡುಪಿಯ ಕಡಲ ಬದಿಯಲ್ಲಾದರೂ ದೋಣಿ ಹತ್ತಿದರೆ ನನಗೆ ವಾಂತಿ. ಆದರೂ ಹಿಂದಿನವರು ಒಂದೇ ಮರವನ್ನು ಕೊರೆದು ದೋಣಿ ಮಾಡುತ್ತಿದ್ದುದು ಹೇಗೆಂದು ತಿಳಿಯುವಾಸೆ. ಭಾನುವಾರ ಕನ್ನಡ ಸಂಘದಲ್ಲಿ ಅದರ ಬಗ್ಗೆ ಮಾತಾಡುತ್ತೇನೆಂದು ಒಪ್ಪಿಕೊಂಡೂ ಬಿಟ್ಟಿದ್ದೆ. ಕೈಯಲ್ಲಿ ಒಂದು ಸಾಲೂ ಇರಲಿಲ್ಲ.

ಹಾಗಾಗಿ ದಿನವೂ ಥಾಣೆಯ ನೌಪಾಡಾದ ವಾಚನಾಲಯಕ್ಕೆ ಹೋಗಿ ಹಳೇ ಪೇಪರಿನ ಕಟ್ಟು ಬಿಚ್ಚುತ್ತಿದ್ದೆ. ದೋಣಿ ಹುಡುಕಲು ಹೋದವನು ಕೂದಲೆಣ್ಣೆಯ ಜಾಹೀರಾತು, ನಾಟಕ ಕಂಪನಿಯ ಜಗಳ, ಯಾರದೋ ಕಳೆದುಹೋದ ಎಮ್ಮೆ ಎಲ್ಲವನ್ನೂ ಓದಿದೆ. ಎಮ್ಮೆ ಸಿಕ್ಕಿತೇ ಎಂದು ಮುಂದಿನ ವಾರದ ಸಂಚಿಕೆಯನ್ನೂ ನೋಡಿದೆ. ಸಿಕ್ಕಿರಲಿಲ್ಲ.

ಕಡೆಗೊಂದು ಮಧ್ಯಾಹ್ನ ದೋಣಿ ಸಿಕ್ಕಿತು. ಇಲ್ಲಿಯವರು ಖಾಡಿ ಎನ್ನುವ ಹಿನ್ನೀರಿನ ದಂಡೆಯಲ್ಲಿ ಕಂಡದ್ದನ್ನು ಯಾರೋ ಬರೆದಿದ್ದರು. ಮಾವಿನ ದಿಮ್ಮಿಯನ್ನು ಬಾಚಿಯಿಂದ ತೋಡಿ, ಒಳಗೆ ನೀರು ತುಂಬಿ, ಹೊರಗೆ ಹದವಾಗಿ ಬೆಂಕಿಯಿಟ್ಟು, ಮರ ಬಳುಕಿದಾಗ ಇಕ್ಕೆಲಗಳನ್ನು ಮೆಲ್ಲಗೆ ಅಗಲಿಸುತ್ತಾರಂತೆ. ಒಂದು ಬಿರುಕು ಬಿಟ್ಟರೆ ಅಷ್ಟು ದೊಡ್ಡ ಮರ ಒಲೆಗೇ. ಹದ ನೋಡುವುದು ಮರದ ಮೇಲಿಟ್ಟ ಒಬ್ಬ ಮುದುಕನ ಅಂಗೈ. ಇಡೀ ಮರವೊಂದು ಮನುಷ್ಯನ ಅಂಗೈಯ ಮಾತು ಕೇಳುವುದೆಂದರೇನು! ಮರ ಒಡೆಯಿತೋ ಉಳಿಯಿತೋ ಎಂದು ಉಸಿರು ಬಿಗಿಹಿಡಿದು ಕೆಳಗಿನ ಸಾಲಿಗಿಳಿದೆ.

ಅಷ್ಟರಲ್ಲಿ ಕೈ ತನ್ನ ಕೆಲಸ ಮಾಡಿತು. ಜೀವಮಾನವೆಲ್ಲ ಕಲ್ಯಾಣ್ ಫಾಸ್ಟ್ ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ, ಪಕ್ಕದವನ ಮೂಗಿಗೆ ತಾಗದಂತೆ ಪೇಪರನ್ನು ನಾಲ್ಕು ಮಡಿಕೆ ಮಾಡಿ ಓದಿದ ಕೈ ಅದು. ಓದಿನಲ್ಲಿ ಮುಳುಗಿದರೆ ತಾನಾಗಿ ಮಡಿಸುತ್ತದೆ. ಹಪ್ಪಳ ಮುರಿದಂಥ ಸದ್ದಾಯಿತು. ಹಾಳೆಯ ಮೇಲಿನರ್ಧ ಕೈಯಲ್ಲುಳಿದು, ಕೆಳಗಿನರ್ಧ ಫ್ಯಾನಿನ ಗಾಳಿಗೆ ಮೇಜಿನಡಿ ಸೇರಿತು.

ವಾಚನಾಲಯ ನೋಡಿಕೊಳ್ಳುವ ಧಾರವಾಡದ ಶಾಂತಕ್ಕ ಓಡಿ ಬಂದರು. "ಅಯ್ಯ ಶಿವನ! ಇದೇನ್ ಲೋಕಲ್ ಟ್ರೇನ್ ಅನ್ಕೊಂಡೀರೇನ್ರಿ? ಇದ್ದದ್ದ ಒಂದು ಕಾಪಿ!"

ನಾನು ಮೇಜಿನಡಿ ತೆವಳುತ್ತಲೇ, "ಆಮೇಲೆ ಬೈಯಿರಿ ಮಾರಾಯ್ರೆ. ಮರ ಒಡೆಯಿತಾ ಇಲ್ವಾ, ಅದೊಂದು ಮೊದ್ಲು ನೋಡಿ" ಎಂದು ಆ ಅರ್ಧವನ್ನು ಮೇಲಕ್ಕೆ ಚಾಚಿದೆ.

ಅಕ್ಕ ಕನ್ನಡಕ ಏರಿಸಿ ಓದಿದರು. ಸಿಟ್ಟು ಇಳಿಯಿತು. "ಒಡೀಲಿಲ್ರಿ. ದೋಣಿ ನೀರಿಗೆ ಇಳೀತು." ಎರಡೂ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿಡುತ್ತ ಅಕ್ಕ, "ಬೆಂಕ್ಯಾಗ ಇಟ್ರೂ ಅವರ ಮರ ಉಳೀತು. ನಿಮ್ಮ ಕೈಯಾಗ ಒಂದ್ ಹಾಳಿ ಉಳೀಲಿಲ್ಲ ನೋಡ್ರಿ" ಎಂದರು.

ಭಾನುವಾರ ಸಂಘದಲ್ಲಿ ಆ ಮುದುಕನ ಅಂಗೈಯ ಬಗ್ಗೆ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ನನ್ನ ಅಂಗೈಯ ಸುದ್ದಿ ನಾನು ಎತ್ತಲಿಲ್ಲ. ಈಗಲೂ ವಾಚನಾಲಯಕ್ಕೆ ಹೋಗುತ್ತೇನೆ. ಹಾಳೆ ತಿರುವುವುದು ಶಾಂತಕ್ಕ. ನಾನು ನನ್ನೆರಡೂ ಕೈಗಳ ಮೇಲೆ ಕೂತು ಓದುತ್ತೇನೆ.